ಸ್ವೀಡನ್‌ನಲ್ಲಿ ಸಹಕಾರ ಸಂಘದ ರಜೆಮನೆ ಕೊಳ್ಳಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಹ್ಯಾಂಬರ್ಗ್‌ನಿಂದ

ನಾವು ಏಳು ವರ್ಷದಿಂದ ಜರ್ಮನಿಯಲ್ಲಿದ್ದೇವೆ. ಮಕ್ಕಳಿಗೆ ಹಿಮ ಎಂದರೆ ಪ್ರಾಣ. ಸ್ವೀಡನ್‌ನ ಸೇಲೆನ್ ಬೆಟ್ಟದಲ್ಲಿ 48 ಚದರ ಮೀಟರಿನ ಒಂದು ಫ್ಲ್ಯಾಟ್ ನೋಡಿದ್ದೇವೆ. ಇದು 'ಬೋಸ್ಟಾಡ್ಸ್‌ರೆಟ್', ಅಂದರೆ ಸಹಕಾರ ಸಂಘದ ಮನೆ ಎಂದು ಬ್ರೋಕರ್ ಹೇಳಿದರು. ಬೆಲೆ 16 ಲಕ್ಷ ಕ್ರೋನಾ. ಅಲ್ಲೇ ಸ್ವಲ್ಪ ದೂರದಲ್ಲಿ ಅಷ್ಟೇ ದೊಡ್ಡ ಸ್ವಂತ ಕ್ಯಾಬಿನ್‌ಗೆ 26 ಲಕ್ಷ ಹೇಳುತ್ತಿದ್ದಾರೆ. ಹಾಗಾಗಿ ಸಂಘದ ಮನೆಯೇ ವಾಸಿ ಅನ್ನಿಸಿದೆ. ದಾವಣಗೆರೆಯಲ್ಲಿರುವ ಅಪ್ಪ 40 ಲಕ್ಷ ರೂಪಾಯಿ ಕೊಡುತ್ತೇನೆ, ನನ್ನ ಹೆಸರೂ ಸೇರಿಸು ಎನ್ನುತ್ತಿದ್ದಾರೆ. ನಾವಿಲ್ಲದಾಗ ಬಾಡಿಗೆಗೆ ಕೊಡುವ ಆಸೆಯೂ ಇದೆ. ಕಾನೂನಿನಲ್ಲಿ ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳಬಹುದು? ದಯವಿಟ್ಟು ಹೇಳಿ.

ಗೋಥೆನ್‌ಬರ್ಗ್‌ನಿಂದ

ನಾವು 2019ರಲ್ಲಿ ಇಂಥದ್ದೇ ಒಂದು ತೆಗೆದುಕೊಂಡವರು. ಆ ಡಿಸೆಂಬರ್‌ನಲ್ಲಿ ಸೇಲೆನ್ ಹತ್ತಿರ ಹೊಸ ವಿಮಾನ ನಿಲ್ದಾಣ ಶುರುವಾಗುವುದಿತ್ತು, ಬೆಲೆ ಏರುತ್ತದೆ ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬೋಸ್ಟಾಡ್ಸ್‌ರೆಟ್‌ನಲ್ಲಿ ಕಟ್ಟಡದ ಮಾಲೀಕ ಸಂಘ. ನಿಮ್ಮ ಕೈಗೆ ಬರುವುದು ಸಂಘದ ಸದಸ್ಯತ್ವ, ಆ ಮನೆಯಲ್ಲಿ ಕಾಲಮಿತಿ ಇಲ್ಲದೆ ಇರುವ ಹಕ್ಕು. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡರೆ ಜಾಗದ ಪಾಲು, ಯುಡಿಎಸ್ ಅಂತೀವಲ್ಲ, ಅದು ನಮ್ಮ ಹೆಸರಿಗೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗುತ್ತದೆ. ಇಲ್ಲಿ ಹಾಗಲ್ಲ. ಸರ್ಕಾರದ ಭೂದಾಖಲೆಯಲ್ಲಿ ಸಂಘದ ಹೆಸರಿರುತ್ತದೆ, ನಿಮ್ಮ ಹೆಸರು ಸಂಘದ ಪುಸ್ತಕದಲ್ಲಿರುತ್ತದೆ. ಮಾರುವವರು ಆ ಮನೆಯನ್ನು ಬ್ಯಾಂಕಿಗೆ ಅಡ ಇಟ್ಟಿದ್ದರೆ ಅದನ್ನು ಬರೆದಿಡುವುದೂ ಅದೇ ಪುಸ್ತಕದಲ್ಲಿ. ಅದರ ಪ್ರತಿ ಕೇಳಿ ನೋಡದೆ ಮುಂಗಡ ಕೊಡಬೇಡಿ.

ಈಗ ನಮಗೆ ಪೆಟ್ಟು ಬಿದ್ದ ಜಾಗಕ್ಕೆ ಬರುತ್ತೇನೆ. 2023ರ ಅಕ್ಟೋಬರ್‌ನಲ್ಲಿ ಸಂಘದಿಂದ ಒಂದೇ ಪುಟದ ಕಾಗದ ಬಂತು. ತಿಂಗಳ ಫೀ ಜನವರಿಯಿಂದ 2,900 ಕ್ರೋನಾ ಬದಲು 4,700. ನಾನು ಲೆಕ್ಕ ತಪ್ಪಿದ್ದಾರೆ ಅಂದುಕೊಂಡೆ. ಡ್ರಾಯರ್‌ನಿಂದ ಸಂಘದ ವಾರ್ಷಿಕ ವರದಿ ತೆಗೆದು ಅಡುಗೆಮನೆಯ ಟೇಬಲ್ ಮೇಲೆ ಹರಡಿಕೊಂಡು ಕೂತೆ. ಕೊಳ್ಳುವಾಗ ಬ್ರೋಕರ್ ಅದನ್ನು ಕೊಟ್ಟೇ ಇದ್ದರು. ಹಿಂದಿನ ಪುಟಗಳಲ್ಲಿ ಒಂದು ಚಿಕ್ಕ ಪಟ್ಟಿ ಇತ್ತು: ಸಂಘ ಯಾವ ಬ್ಯಾಂಕಿನಿಂದ ಎಷ್ಟು ಸಾಲ ಮಾಡಿದೆ, ಬಡ್ಡಿ ಎಷ್ಟು, ಆ ಬಡ್ಡಿ ಯಾವ ತಾರೀಖಿಗೆ ಬದಲಾಗುತ್ತದೆ. ಕಟ್ಟಡ ಕಟ್ಟಿಸಲು ಮಾಡಿದ ಸಾಲ ಚದರ ಮೀಟರಿಗೆ 15,000 ಕ್ರೋನಾ. ನಮ್ಮ ಮನೆಯೂ 48 ಮೀಟರೇ. ಅಂದರೆ 7 ಲಕ್ಷ 20 ಸಾವಿರ ಕ್ರೋನಾ ಸಾಲ ನಮ್ಮ ಪಾಲಿಗಿತ್ತು, ನಮ್ಮ ಸ್ವಂತ ಸಾಲದ ಮೇಲೆ. ಶೇ 1.2ರ ಬಡ್ಡಿ ಇದ್ದಾಗ ತಿಂಗಳಿಗೆ 720 ಕ್ರೋನಾ. ಸ್ವೀಡನ್‌ನ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಲ್ಲಿ ಸೊನ್ನೆ ಇದ್ದ ದರವನ್ನು 2023ರ ಸೆಪ್ಟೆಂಬರ್ ಹೊತ್ತಿಗೆ ಶೇ 4ಕ್ಕೆ ಏರಿಸಿತ್ತು. ನಮ್ಮ ಸಂಘದ ದೊಡ್ಡ ಸಾಲದ ಅವಧಿ ಸರಿಯಾಗಿ ಆಗಲೇ ಮುಗಿಯಿತು. ಹೊಸ ದರ ಶೇ 4.2, ತಿಂಗಳಿಗೆ 2,520. ಕಾಗದದಲ್ಲಿದ್ದ 1,800ರ ಏರಿಕೆ ಪೈಸೆ ಬಿಡದೆ ಅದೇ. ಅದನ್ನು ಪ್ರಶ್ನಿಸಲು ಜಾಗವೇ ಇರಲಿಲ್ಲ. ಫೀ ನಿಗದಿ ಮಾಡುವ ಅಧಿಕಾರ ಆಡಳಿತ ಮಂಡಳಿಗೆ ಇದೆ, ಕಟ್ಟದಿದ್ದರೆ ಮನೆಯ ಹಕ್ಕೇ ಹೋಗಬಹುದು.

ಸಂಘ ದಿವಾಳಿಯಾಗಿ ಕಟ್ಟಡ ಮಾರಾಟವಾದರೆ ನಿಮ್ಮ ಹಕ್ಕು ಬರೀ ಬಾಡಿಗೆದಾರನ ಹಕ್ಕಾಗುತ್ತದೆ, ಹಾಕಿದ ದುಡ್ಡು ಹೋಗುತ್ತದೆ. ಅಪರೂಪ, ಆದರೆ ಕಾನೂನು ಹಾಗೆಯೇ ಇದೆ.

ಬೆಟ್ಟದ ಊರುಗಳಲ್ಲಿ ವಿಶೇಷವಾಗಿ ಕೇಳಬೇಕಾದ ಇನ್ನೊಂದು ಪದ 'ಊಎಕ್ತಾ'. ಸಂಘದ ವ್ಯವಹಾರದಲ್ಲಿ ಕನಿಷ್ಠ ಶೇ 60 ಭಾಗ ಸದಸ್ಯರ ವಾಸಕ್ಕೆ ಇರಬೇಕು. ಕೆಳಗೆ ಸ್ಕೀ ಅಂಗಡಿ, ಹೋಟೆಲು, ರೆಸ್ಟೋರೆಂಟ್‌ಗೆ ಬಾಡಿಗೆ ಕೊಟ್ಟು ಆ ಭಾಗ ಶೇ 60ಕ್ಕಿಂತ ಕೆಳಗಿಳಿದರೆ ಸಂಘ 'ಊಎಕ್ತಾ', ಅಂದರೆ ಅಸಲಿಯಲ್ಲದ್ದು ಎನಿಸುತ್ತದೆ. ಮಾರುವಾಗ ಲಾಭದ ಮೇಲಿನ ತೆರಿಗೆ ಶೇ 22 ಇರುವುದು 25 ಆಗುತ್ತದೆ. ಜೊತೆಗೆ ಬೇರೆ ತೆರಿಗೆ ತಲೆನೋವುಗಳೂ ಇವೆ. ಇವತ್ತು ಅಸಲಿ ಇದ್ದ ಸಂಘ ನಾಳೆ ಹಾಗೆ ಆಗಬಹುದು, ಯಾಕೆಂದರೆ ಪ್ರತಿ ವರ್ಷದ ಕೊನೆಯ ಸ್ಥಿತಿ ನೋಡಿ ತೀರ್ಮಾನಿಸುತ್ತಾರೆ.

ಬಾಡಿಗೆ ವಿಷಯ. ನಿಮ್ಮದೇ ಮನೆ ಎಂದು ಸುಮ್ನೆ ಆ್ಯಪ್‌ನಲ್ಲಿ ಹಾಕುವ ಹಾಗಿಲ್ಲ. ಆಡಳಿತ ಮಂಡಳಿಯ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಕೊಟ್ಟು ಸಿಕ್ಕಿಬಿದ್ದು, ಎಚ್ಚರಿಕೆ ಕೊಟ್ಟ ಮೇಲೂ ನಿಲ್ಲಿಸದಿದ್ದರೆ ಹಕ್ಕು ಕಳೆದುಕೊಳ್ಳುವಷ್ಟು ದೂರ ಹೋಗುತ್ತದೆ. ನಮ್ಮ ಸಂಘದಲ್ಲಿ ಉಲ್ಟಾ ತೊಂದರೆ. ಬಾಡಿಗೆ ನಡೆಸುವ ಒಂದು ಕಂಪನಿ ಜೊತೆ ಸಂಘ ಒಪ್ಪಂದ ಮಾಡಿಕೊಂಡಿತ್ತು, ಫೆಬ್ರವರಿಯ ಶಾಲಾ ರಜೆಯ ವಾರ ಅವರ ಕೈಗೇ ಹೋಗುತ್ತಿತ್ತು. ನಮ್ಮ ಮಕ್ಕಳಿಗೆ ರಜೆ ಇರುವುದೇ ಆ ವಾರ! ಆದ್ದರಿಂದ ಸಂಘದ ನಿಯಮಾವಳಿ, ಇಲ್ಲಿ 'ಸ್ಟಾಡ್ಗಾರ್' ಅನ್ನುತ್ತಾರೆ, ಅದರ ಜೊತೆ ಇಂಥ ಒಪ್ಪಂದಗಳನ್ನೂ ಕೇಳಿ ಪಡೆಯಿರಿ.

ಸ್ಟಾಕ್‌ಹೋಮ್‌ನಿಂದ

ಮೇಲಿನವರು ಹೇಳಿದ್ದು ಅಕ್ಷರಶಃ ನಿಜ. ಸದಸ್ಯತ್ವದ ಬಗ್ಗೆ ನನ್ನದೊಂದು ಮಾತು ಸೇರಿಸುತ್ತೇನೆ. ದುಡ್ಡು ಕೊಟ್ಟ ಮಾತ್ರಕ್ಕೆ ಆಗಲಿಲ್ಲ, ಮಂಡಳಿ ನಿಮ್ಮನ್ನು ಸದಸ್ಯರಾಗಿ ಒಪ್ಪಬೇಕು. ಒಪ್ಪದಿದ್ದರೆ ಮಾರಾಟವೇ ಅಸಿಂಧು. ನನ್ನ ಸಹೋದ್ಯೋಗಿ ಸಮುದ್ರದಂಚಿನ ಊರಲ್ಲಿ ರಜೆಗೆಂದು ಒಂದು ನೋಡಿದ್ದ. ಅಲ್ಲಿಯ ನಿಯಮದಲ್ಲಿ ಖಾಯಂ ವಾಸ ಮಾಡುವವರಿಗೆ ಮಾತ್ರ ಎಂದಿತ್ತು, ಅರ್ಜಿ ವಾಪಸ್ ಬಂತು. ತಿರಸ್ಕರಿಸಿದರೆ ಬಾಡಿಗೆ ನ್ಯಾಯಮಂಡಳಿಗೆ ಒಂದು ತಿಂಗಳೊಳಗೆ ಹೋಗಬಹುದು. ಆದರೆ ನಿಯಮದಲ್ಲೇ ಬರೆದಿದ್ದರೆ ಗೆಲ್ಲುವುದು ಕಷ್ಟ.

ನಿಮ್ಮ ತಂದೆಯವರ ಹೆಸರಿನ ವಿಷಯವೂ ಇಲ್ಲೇ ಬರುತ್ತದೆ. ಅಪ್ಪ ಅಮ್ಮ ಮಕ್ಕಳ ಜೊತೆ ಪಾಲುದಾರರಾಗುವುದನ್ನು ಎಷ್ಟೋ ಸಂಘಗಳು ಒಪ್ಪುವುದಿಲ್ಲ. ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ 'ಆಗಬಹುದು' ಅಂದದ್ದು ಲೆಕ್ಕಕ್ಕಿಲ್ಲ.

ಇನ್ನೊಂದು. ಇಲ್ಲಿ ಬ್ರೋಕರ್ ಕೊಳ್ಳುವವರ, ಮಾರುವವರ ಇಬ್ಬರ ಹಿತವನ್ನೂ ನೋಡಬೇಕೆಂದು ಕಾನೂನು ಇದೆ. ಆದರೂ ಮನೆ ಪರೀಕ್ಷೆ ಮಾಡಿಸುವ ಹೊಣೆ ಕೊಳ್ಳುವವರದೇ. ಸ್ವಂತ ಮನೆಯಾದರೆ ಒಳಗೆ ಅಡಗಿದ್ದ ದೋಷಕ್ಕೆ ಮಾರಿದವರನ್ನು ಹತ್ತು ವರ್ಷದವರೆಗೆ ಕೇಳಬಹುದು. ಬೋಸ್ಟಾಡ್ಸ್‌ರೆಟ್‌ಗೆ ಎರಡೇ ವರ್ಷ, ಯಾಕೆಂದರೆ ಕಾನೂನಿನ ಕಣ್ಣಲ್ಲಿ ಅದು ಸೋಫಾ, ಕಾರಿನಂತೆ ಚರ ವಸ್ತು. ಬಚ್ಚಲಿನ ಗೋಡೆ ಒಳಗೆ ನೀರು ಇಳಿದಿದೆಯೇ ಎಂದು ಪರೀಕ್ಷೆ ಮಾಡಿಸಿಯೇ ಸಹಿ ಹಾಕಿ.

ಡೊಂಬಿವಿಲಿಯಿಂದ

ಮುಂಬೈ ಕಡೆಯ ಕನ್ನಡಿಗರಿಗೆ ಇದು ಹೊಸದಲ್ಲ. ನಮ್ಮದೂ ಸೊಸೈಟಿ, ನಮ್ಮ ಕೈಯಲ್ಲಿರುವುದೂ ಶೇರ್ ಸರ್ಟಿಫಿಕೇಟ್. ನಮ್ಮ ತಂದೆ ಹೇಳುತ್ತಿದ್ದರು, ಮನೆ ನೋಡುವ ಮೊದಲು ಸೊಸೈಟಿಯ ವಾರ್ಷಿಕ ಸಭೆಯ ನಡಾವಳಿ ಓದು ಅಂತ. ಯಾರು ಯಾರ ಮೇಲೆ ಕೇಸ್ ಹಾಕಿದ್ದಾರೆ, ಲಿಫ್ಟ್ ರಿಪೇರಿ ಎಷ್ಟು ವರ್ಷದಿಂದ ಮುಂದಕ್ಕೆ ಹೋಗುತ್ತಿದೆ, ಎಲ್ಲ ಅದರಲ್ಲೇ ಸಿಗುತ್ತದೆ. ಸ್ವೀಡನ್‌ನಲ್ಲೂ ಸಭೆ ನಡೆದೇ ನಡೆಯುತ್ತದೆ ಅಲ್ವಾ? ಮೂರು ವರ್ಷದ್ದು ಕೇಳಿ, ಗೂಗಲ್‌ನಲ್ಲಿ ಅನುವಾದ ಮಾಡಿಕೊಂಡಾದರೂ ಓದಿ.

ಓಸ್ಲೋದಿಂದ

ಅದೇ ಬೆಟ್ಟಗಳಲ್ಲಿ 'ವಾರದ ಪಾಲು' ಕೂಡ ಮಾರುತ್ತಾರೆ. ವರ್ಷಕ್ಕೆ ಎರಡು ವಾರ ನಿಮ್ಮದು, ಉಳಿದದ್ದು ಬೇರೆಯವರದು. ಬೆಲೆ ಕಡಿಮೆ ಎಂದು ಅತ್ತ ಹೋಗಬೇಡಿ. ನಾವು ಹೋಗಿದ್ದೆವು. ಕೊಳ್ಳುವುದು ಸುಲಭ, ಬಿಡುವುದು ಕಷ್ಟ. ತೆಗೆದುಕೊಳ್ಳುವವರು ಸಿಗುವವರೆಗೆ ವರ್ಷದ ಫೀ ನಿಮ್ಮ ತಲೆಗೇ. ನಾಲ್ಕು ವರ್ಷ ಕಟ್ಟಿದೆವು, ಕೊನೆಗೆ ಬಿಟ್ಟಿಯಾಗಿ ಕೊಟ್ಟು ಕೈತೊಳೆದುಕೊಂಡೆವು. ಕಂಪನಿ ಇಂಥದ್ದನ್ನು ಮಾರಿದರೆ ಯುರೋಪಿನ ಕಾಯ್ದೆ ಪ್ರಕಾರ 14 ದಿನದೊಳಗೆ ಒಪ್ಪಂದದಿಂದ ಹಿಂದೆ ಸರಿಯಬಹುದು, ಆ 14 ದಿನ ಮುಂಗಡವನ್ನೂ ಕೇಳುವ ಹಾಗಿಲ್ಲ. ಕೇಳಿದರೆ ಅಲ್ಲಿಗೇ ಎದ್ದು ಬನ್ನಿ.

ಕೋಪನ್‌ಹೇಗನ್‌ನಿಂದ

ಒಂದು ಸಮಾಧಾನದ ಮಾತು: ಹೊರಗಿನವರು ಕೊಳ್ಳಬಾರದು ಎಂಬ ತಡೆ ಸ್ವೀಡನ್‌ನಲ್ಲಿಲ್ಲ. ಡೆನ್ಮಾರ್ಕ್‌ನಲ್ಲಿ ಇದೆ. ಇಲ್ಲಿ ವಾಸವಿಲ್ಲದ, ಹಿಂದೆ ಒಟ್ಟು ಐದು ವರ್ಷವೂ ಇರದವರು ಬೇಸಿಗೆಮನೆ ಕೊಳ್ಳಲು ಸರ್ಕಾರದ ಅನುಮತಿ ತೆಗೆದುಕೊಳ್ಳಬೇಕು. ಯುರೋಪಿಯನ್ ಒಕ್ಕೂಟದ ಪ್ರಜೆಗಳಿಗೂ ಇದೇ, 1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲೇ ಡೆನ್ಮಾರ್ಕ್ ಬರೆಸಿಕೊಂಡಿದೆ. ಆದರೆ ಸ್ವೀಡನ್‌ನಲ್ಲಿ ಮನೆ ಇದ್ದರೆ ನಿಮ್ಮ ತಂದೆಯವರಿಗೆ ವೀಸಾ ಸಿಗುತ್ತದೆ ಎಂದುಕೊಳ್ಳಬೇಡಿ. ಮನೆ ಇದ್ದರೂ ಷೆಂಗೆನ್ (ಯುರೋಪಿನ ಬಹುತೇಕ ದೇಶಗಳ ಒಂದೇ ವೀಸಾ) ಲೆಕ್ಕದಲ್ಲಿ 180 ದಿನದಲ್ಲಿ ಇರಲು ಸಿಗುವುದು 90 ದಿನವೇ.

ಮೈಸೂರಿನಿಂದ

ನಾನು ಮೂವತ್ತು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವನು. ತಂದೆಯವರ ದುಡ್ಡಿನ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು, ಜಾಸ್ತಿ ಜನ ಎಡವುವುದು ಇಲ್ಲೇ.

ಭಾರತದಲ್ಲಿ ವಾಸವಿರುವ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿದ ಯೋಜನೆ) ಅಡಿ ಹೊರಗೆ ಕಳಿಸಬಹುದು. ಮಿತಿಯ ಚಿಂತೆ ನಿಮಗಿಲ್ಲ. ಆದರೆ 10 ಲಕ್ಷ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. 40 ಲಕ್ಷಕ್ಕೆ ಲೆಕ್ಕ ಹಾಕಿ: 30 ಲಕ್ಷದ ಮೇಲೆ 6 ಲಕ್ಷ. ಅದು ರಿಟರ್ನ್ ಹಾಕಿದ ಮೇಲೆ ತೆರಿಗೆಗೆ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ. ಆದರೆ ಅಲ್ಲಿಯವರೆಗೆ ಆ 6 ಲಕ್ಷವೂ ತಂದೆಯವರ ಖಾತೆಯಲ್ಲಿ ಇರಬೇಕು. ಪಿಂಚಣಿಯ ಮೇಲೆ ಇರುವವರಿಗೆ ಇದು ಸಣ್ಣ ಮೊತ್ತವಲ್ಲ.

ಹೆಸರು ಸೇರಿಸಿದರೆ ಅಸಲು ತಾಪತ್ರಯ ಶುರು. ವಿದೇಶದ ಆಸ್ತಿಯನ್ನು ಪ್ರತಿ ವರ್ಷ ರಿಟರ್ನ್‌ನ ಷೆಡ್ಯೂಲ್ ಎಫ್‌ಎ ಭಾಗದಲ್ಲಿ ತೋರಿಸಲೇಬೇಕು. ಒಂದು ರೂಪಾಯಿ ಆದಾಯ ಇಲ್ಲದಿದ್ದರೂ. ತೆರಿಗೆ ಮಿತಿಗಿಂತ ಕಡಿಮೆ ಆದಾಯ ಇದ್ದರೂ. ಮರೆತರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಎಪ್ಪತ್ತು ದಾಟಿದ ಮನುಷ್ಯರ ಹೆಗಲಿಗೆ ಇದನ್ನು ಹೊರಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಮೇಲಿನವರು ಬೋಸ್ಟಾಡ್ಸ್‌ರೆಟ್ ಚರ ವಸ್ತುವಿನ ಲೆಕ್ಕ ಎಂದರು. ಹಾಗಾದರೆ ಫೆಮಾದಲ್ಲಿ, ಅಂದರೆ ನಮ್ಮ ವಿದೇಶಿ ವಿನಿಮಯ ಕಾಯ್ದೆಯಲ್ಲಿ, ಅದು ಸ್ಥಿರಾಸ್ತಿಯೋ, ಸಂಘದ ಷೇರೋ? ಎರಡಕ್ಕೂ 2022ರ ನಿಯಮಗಳು ಬೇರೆ ಬೇರೆ. ಹೆಸರು ಸೇರಿಸಲೇಬೇಕು ಎಂದಾದರೆ ಈ ಪ್ರಶ್ನೆಗೆ ಬ್ಯಾಂಕಿನಿಂದ ಬರವಣಿಗೆಯಲ್ಲಿ ಉತ್ತರ ಪಡೆದ ಮೇಲೆಯೇ ದುಡ್ಡು ಕಳಿಸಲಿ.

ನನ್ನ ಸಲಹೆ, ತಂದೆಯವರು ನಿಮಗೆ ಉಡುಗೊರೆಯಾಗಿ ಕೊಡಲಿ, ಎಲ್‌ಆರ್‌ಎಸ್ ಫಾರ್ಮಿನಲ್ಲೂ ಹಾಗೇ ಬರೆಸಲಿ. ಒಂದು ಉಡುಗೊರೆ ಪತ್ರ ಮಾಡಿಸಿ. ಭಾರತದಲ್ಲಿ ತಂದೆ ಮಕ್ಕಳಿಗೆ ಕೊಟ್ಟದ್ದಕ್ಕೆ ತೆರಿಗೆ ಇಲ್ಲ. ಜರ್ಮನಿಯಲ್ಲಿ ತಂದೆಯಿಂದ ಬಂದದ್ದಕ್ಕೆ ಹತ್ತು ವರ್ಷಕ್ಕೆ 4 ಲಕ್ಷ ಯೂರೋವರೆಗೆ ವಿನಾಯಿತಿ ಇದೆ, ಆದರೆ ಮೂರು ತಿಂಗಳೊಳಗೆ ಅಲ್ಲಿಯ ತೆರಿಗೆ ಕಚೇರಿಗೆ ತಿಳಿಸಬೇಕು.

ಹ್ಯಾಂಬರ್ಗ್‌ನಿಂದ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಅಪ್ಪನ ಹತ್ತಿರ ಮಾತಾಡಿದೆ. ಷೆಡ್ಯೂಲ್ ಎಫ್‌ಎ ವಿಷಯ ಕೇಳಿ, ನನ್ನ ಹೆಸರು ಬೇಡ ಬಿಡು, ಮಕ್ಕಳ ಹೆಸರಲ್ಲಿ ಒಂದು ಫೋಟೋ ಗೋಡೆಗೆ ಹಾಕಿದರೆ ಸಾಕು ಅಂದರು.

ವಾರ್ಷಿಕ ವರದಿಯೂ ಬಂತು. ಗೋಥೆನ್‌ಬರ್ಗ್‌ನವರು ಹೇಳಿದ ಪಟ್ಟಿ ಹುಡುಕಿದೆ. ಸಂಘದ ಸಾಲ ಚದರ ಮೀಟರಿಗೆ 19,000. ದೊಡ್ಡ ಸಾಲದ ಬಡ್ಡಿ ಬರುವ ಮಾರ್ಚ್‌ನಲ್ಲಿ ಬದಲಾಗುತ್ತದೆ. ಜಾಗದ ಬಗ್ಗೆ 'ತೊಮ್ಟ್‌ರೆಟ್' ಎಂದು ಬರೆದಿದ್ದಾರೆ. ಅದೇನು?

ಗೋಥೆನ್‌ಬರ್ಗ್‌ನಿಂದ

ಜಾಗ ಸಂಘದ್ದೂ ಅಲ್ಲ ಎಂದರ್ಥ. ಸಾಮಾನ್ಯವಾಗಿ ಮುನ್ಸಿಪಾಲಿಟಿಯದು, ಸಂಘ ಅದಕ್ಕೆ ನೆಲಬಾಡಿಗೆ ಕಟ್ಟುತ್ತದೆ. ಹತ್ತು ಅಥವಾ ಇಪ್ಪತ್ತು ವರ್ಷಕ್ಕೊಮ್ಮೆ ಆ ಬಾಡಿಗೆ ಹೊಸದಾಗಿ ನಿಗದಿಯಾಗುತ್ತದೆ, ಜಾಗದ ಬೆಲೆ ಏರಿದ್ದರೆ ಒಮ್ಮೆಲೇ ಜಿಗಿಯುತ್ತದೆ. ಮುಂದಿನ ಬಾರಿ ಯಾವಾಗ ಎಂದು ಕೇಳಿ.

ನಿಮ್ಮ ಲೆಕ್ಕವನ್ನೂ ಹಾಕಿದೆ. 19,000 ಗುಣಿಸು 48, ಅಂದರೆ 9 ಲಕ್ಷ 12 ಸಾವಿರ ಕ್ರೋನಾ. 16 ಲಕ್ಷಕ್ಕೆ ಸೇರಿಸಿದರೆ 25 ಲಕ್ಷ 12 ಸಾವಿರ.

ಹ್ಯಾಂಬರ್ಗ್‌ನಿಂದ

ಮತ್ತೆ ಕ್ಯಾಬಿನ್ 26 ಲಕ್ಷ, ಅದರ ನೆಲವೂ ಸೇರಿ! ಹೆಂಡತಿಗೆ ಈಗಷ್ಟೇ ತೋರಿಸಿದೆ. ಶನಿವಾರ ಕ್ಯಾಬಿನ್ ನೋಡಲು ಸಮಯ ಕೇಳಿದ್ದೇವೆ. ಅದಕ್ಕೆ ನೋಂದಣಿ ಖರ್ಚು ಎಷ್ಟಾಗಬಹುದು?

ಗೋಥೆನ್‌ಬರ್ಗ್‌ನಿಂದ

ಸ್ವಂತ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 1.5. 26 ಲಕ್ಷಕ್ಕೆ 39,000 ಕ್ರೋನಾ, ಮೇಲೆ ಸಣ್ಣ ಅರ್ಜಿ ಫೀ. ಬೆಟ್ಟದಲ್ಲಿ ಕೆಲವು ಕ್ಯಾಬಿನ್‌ಗಳು ಬೇರೆಯವರ ಜಾಗದಲ್ಲಿ ಬಾಡಿಗೆಗೆ ನಿಂತಿರುತ್ತವೆ. ಶನಿವಾರ ಹೋದಾಗ ಮೊದಲು ಅದನ್ನು ಕೇಳಿ, ಆಮೇಲೆ ಅಡುಗೆಮನೆ ನೋಡಿ.