ಕಾಚಬಿಂದುವಿಗೆ ಬೇರೆ ಮಾತು ಇದೆಯೇ?

ಬಲ್ಲವರಲ್ಲಿ ಒಂದು ವಿಚಾರಣೆ. ಕಾಚಬಿಂದು ಎಂಬ ಕಣ್ಣಿನ ಕಾಯಿಲೆಗೆ, ಅಂದರೆ ಗ್ಲಾಕೋಮಾಕ್ಕೆ, ನಿಮ್ಮ ಊರಿನ ಜನ ಬಳಸುವ ಕನ್ನಡದ ಮಾತು ಯಾವುದಾದರೂ ಇದೆಯೇ?

ಕೇಳಲು ಕಾರಣ ಚಿಕ್ಕೋಡಿಯ ನಮ್ಮ ಸೋದರತ್ತೆ. ಎರಡು ವರ್ಷದ ಹಿಂದೆ ಬಲಗಣ್ಣಿನ ಮೋತಿಬಿಂದು ತೆಗೆಸಿಕೊಂಡು, ಮರುದಿನ ಪಟ್ಟಿ ಬಿಚ್ಚಿದೊಡನೆ ಗೋಡೆಯ ಕ್ಯಾಲೆಂಡರಿನ ತಿಥಿ ಓದಿ ಹೇಳಿದವರು. ಈ ಸಲ ಎಡಗಣ್ಣಿನಲ್ಲಿ ‘ಕಾಚಬಿಂದು’ ಎಂದಾಗ ಅವರಿಗೆ ಗಾಬರಿಯೇ ಆಗಲಿಲ್ಲ. “ಅದೂ ಬಿಂದು, ಇದೂ ಬಿಂದು. ಕಬ್ಬು ಕಾರ್ಖಾನೆಗೆ ಹೋಗಲಿ, ಆಮೇಲೆ ತೆಗೆಸಿದರಾಯಿತು” ಎಂದು ಹನಿ ಔಷಧಿಯ ಬಾಟಲಿಯನ್ನು ದೇವರ ಗೂಡಿನಲ್ಲಿ ಇಟ್ಟುಬಿಟ್ಟರು.

ಎರಡೂ ಪದ ಮರಾಠಿಯಿಂದ ನಮ್ಮ ಬೆಳಗಾವಿ ಸೀಮೆಗೆ ಬಂದವು. ಮೋತಿಬಿಂದು ಒಪ್ಪುವ ಹೆಸರೇ: ಕಣ್ಣೊಳಗಿನ ಮಸೂರ ಮಬ್ಬಾಗುತ್ತ ಬಲಿತರೆ ಪಾಪೆಯ ನಡುವೆ ಮುತ್ತಿನಂತೆ ಬೆಳ್ಳಗೆ ಕಾಣುತ್ತದೆ. ಅದನ್ನು ತೆಗೆದು ಕೃತಕ ಮಸೂರ ಕೂರಿಸಿದರೆ ಸಾಮಾನ್ಯವಾಗಿ ನೋಟ ಮರಳುತ್ತದೆ. ಕಾಚಬಿಂದುವಿನಲ್ಲಿ ಕೆಡುವುದು ಕಣ್ಣಿನ ಹಿಂದಿನ ನರ, ಹೆಚ್ಚಾಗಿ ಕಣ್ಣೊಳಗಿನ ಒತ್ತಡ ಏರಿ. ಅಂಚಿನ ನೋಟ ಮೊದಲು ಹೋಗುವುದರಿಂದ ಬಹುಕಾಲ ಗೊತ್ತೇ ಆಗುವುದಿಲ್ಲ. ಹೋದದ್ದು ಮರಳುವುದೂ ಇಲ್ಲ. ಹನಿ, ಲೇಸರ್, ಶಸ್ತ್ರಚಿಕಿತ್ಸೆ ಎಲ್ಲವೂ ಉಳಿದ ನೋಟವನ್ನು ಕಾಪಾಡಲಿಕ್ಕೆ ಮಾತ್ರ. ತೆಗೆಸಲು ಅಲ್ಲಿ ಬಿಂದುವೇ ಇಲ್ಲ.

‘ಕಾಚ’ ಇನ್ನಷ್ಟು ಗೋಜಲು. ವಾಗ್ಭಟನ ಆಯುರ್ವೇದ ಗ್ರಂಥವಾದ ಅಷ್ಟಾಂಗಹೃದಯದಲ್ಲಿ ತಿಮಿರ, ಅಂದರೆ ನೋಟದ ಮಬ್ಬು, ಬಲಿತು ಕಾಚವಾಗಿ, ಕಾಚ ಬಲಿತು ಲಿಂಗನಾಶ, ಅಂದರೆ ನೋಟವೇ ಹೋಗುವ ಸ್ಥಿತಿ, ಆಗುತ್ತದೆ. ಲಿಂಗನಾಶದ ಒಂದು ಬಗೆಗೆ ಹೇಳಿದ ಶಸ್ತ್ರಕರ್ಮವನ್ನು ನೋಡಿದರೆ ಆ ಕಾಚ ಇಂದಿನ ಮೋತಿಬಿಂದುವಿನ ಕಡೆಗೇ ವಾಲುತ್ತದೆ. ಹಿಂದಿಯವರ ‘ಕಾಲಾ ಮೋತಿಯಾ’ ಕೂಡ ಗ್ಲಾಕೋಮಾವನ್ನು ಮುತ್ತಿನ ಪಕ್ಕದಲ್ಲೇ ಕೂರಿಸಿದೆ.

ಮೋತಿಬಿಂದುವಿಗೆ ಕನ್ನಡದಲ್ಲಿ ಹೇಳುವ ನಮ್ಮ ‘ಪೊರೆ’ಯೂ ಪೂರಾ ಸಾಚಾ ಅಲ್ಲ. ಹಾವಿನ ಪೊರೆಯಂತೆ ಕಣ್ಣಿನ ಮೇಲೆ ಏನೋ ಬೆಳೆದಿದೆ, ಸುಲಿದರೆ ಮುಗಿಯಿತು ಎಂಬ ಭಾವನೆ ಹುಟ್ಟಿಸುತ್ತದೆ. ವಿನೋದವೆಂದರೆ, ಶಸ್ತ್ರಚಿಕಿತ್ಸೆಯಾದ ಕೆಲವು ತಿಂಗಳು ಅಥವಾ ವರ್ಷಗಳ ಮೇಲೆ ಕೆಲವರಿಗೆ ‘ಪೊರೆ ಮತ್ತೆ ಬಂದಿದೆ’ ಎನ್ನುತ್ತಾರಲ್ಲ, ಆ ಪದ ಸರಿಯಾಗಿ ಕೂರುವುದು ಅಲ್ಲಿಯೇ. ಕೃತಕ ಮಸೂರದ ಹಿಂದೆ ಉಳಿಸಿದ ತೆಳುಪದರ ಮಬ್ಬಾಗಿರುತ್ತದೆ. ಲೇಸರಿನಿಂದ ಅದರಲ್ಲಿ ಕಿಂಡಿ ತೆರೆಯುತ್ತಾರೆ. ‘ಪೊರೆ ಹಣ್ಣಾಗಲಿ’ ಎಂಬ ಹಳೆಯ ಮಾತನ್ನಂತೂ ಬಿಡುವುದು ಒಳ್ಳೆಯದು. ಈಗ ಕಾಯಬೇಕಿಲ್ಲ, ಮೇಲಾಗಿ ತೀರಾ ಬಲಿತ ಮಸೂರವೇ ಕಣ್ಣಿನ ಒತ್ತಡ ಏರಿಸಿ ಗ್ಲಾಕೋಮಾ ತರಬಲ್ಲದು.

ಜನರ ಮಾತಿಗೆ ಕಣ್ಣಿನ ವಿಷಯದಲ್ಲಿ ಬಡತನವೇನಿಲ್ಲ. ಕರಿಗುಡ್ಡೆಯ ಬಿಳಿ ಕಲೆಗೆ ‘ಹೂ’, ಸಂಜೆಯ ಮೇಲೆ ಕಾಣದಿದ್ದರೆ ‘ಇರುಳುಗಣ್ಣು’, ನಲವತ್ತರ ನಂತರ ಹತ್ತಿರದ ಅಕ್ಷರ ಮಸುಕಾದರೆ ‘ಚಾಳೀಸು’. ಗ್ಲಾಕೋಮಾಕ್ಕೆ ಮಾತ್ರ ಇಂಥದ್ದು ನನಗೆ ಸಿಕ್ಕಿಲ್ಲ. ‘ಕಣ್ಣೊತ್ತಡ’ ಎಂದು ನಾನೇ ಹೊಸೆದು ನೋಡಿದೆ. ಒತ್ತಡ ಸರಿಯಿದ್ದೂ ನರ ಕೆಡುವವರು ಇದ್ದಾರೆ ಎಂದು ತಿಳಿದ ಮೇಲೆ ಕೈಬಿಟ್ಟೆ.

ಅಷ್ಟರಲ್ಲಿ ಔಷಧಿ ಅಂಗಡಿಯ ಹುಡುಗ ಅತ್ತೆಗೆ “ಇದು ಕಣ್ಣಿನ ಬಿಪಿ, ಅಜ್ಜಿ” ಎಂದನಂತೆ. ಕನ್ನಡವೂ ಅಲ್ಲ, ವೈದ್ಯರು ಒಪ್ಪುವ ಮಾತೂ ಅಲ್ಲ. ಆದರೆ ಬಿಪಿ ಮಾತ್ರೆಯನ್ನು ಹದಿನೈದು ವರ್ಷದಿಂದ ತಪ್ಪದೆ ನುಂಗುತ್ತಿರುವ ಅತ್ತೆಗೆ ಬೇರೆ ವಿವರಣೆ ಬೇಕಾಗಲಿಲ್ಲ. ಬಾಟಲಿ ಈಗ ಮಾತ್ರೆಯ ಡಬ್ಬಿಯ ಪಕ್ಕದಲ್ಲಿದೆ. ಇಂಡಿ, ಜಮಖಂಡಿ ಕಡೆಯವರು ಇದಕ್ಕಿಂತ ಒಳ್ಳೆಯದನ್ನು ಕೇಳಿದ್ದರೆ ತಿಳಿಸಿ.