ಪದಚರ್ಚೆ: ಎಕ್ಸ್‌ಟೆನ್ಶನ್, ಆಡ್-ಆನ್, ಪ್ಲಗಿನ್ – ಮೂರಕ್ಕೂ ‘ವಿಸ್ತರಣೆ’ಯೇ?

ಕುಮಟಾದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬ್ರೌಸರುಗಳನ್ನು ಹೋಲಿಸುವ ನಾಲ್ಕು ಪುಟದ ಕೈಪಿಡಿಯೊಂದು ಕನ್ನಡದಲ್ಲಿ ತಯಾರಾಗುತ್ತಿದೆ. ಓದುವವರು ನಮ್ಮ ಕರಾವಳಿಯ ಗ್ರಂಥಾಲಯಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು. ಕರಡಿನಲ್ಲಿ ಎಕ್ಸ್‌ಟೆನ್ಶನ್, ಆಡ್-ಆನ್, ಪ್ಲಗಿನ್ ಮೂರಕ್ಕೂ ‘ವಿಸ್ತರಣೆ’ ಎಂದೇ ಬಂದಿದೆ. ಅದರಿಂದ ಒಂದು ವಾಕ್ಯ ಹೀಗಾಗಿದೆ: ‘ಕ್ರೋಮ್ 2015ರಲ್ಲಿ ವಿಸ್ತರಣೆಗಳನ್ನು ನಿಲ್ಲಿಸಿತು.’ ಮೂಲದಲ್ಲಿದ್ದದ್ದು ಪ್ಲಗಿನ್, ಹಾಗಾಗಿ ಇದು ತಪ್ಪು ಮಾಹಿತಿ. ಇನ್ನು ‘ಸಪೋರ್ಟ್’. ‘ಸಫಾರಿ ವಿಸ್ತರಣೆಗಳನ್ನು ಬೆಂಬಲಿಸುತ್ತದೆ’ ಎಂದು ಬರೆದರೆ ಸಫಾರಿ ಯಾವುದೋ ಪಕ್ಷಕ್ಕೆ ಬೆಂಬಲ ಕೊಟ್ಟ ಹಾಗೆ ಕೇಳುತ್ತದೆ. ಕೊನೆಯದಾಗಿ ‘ಡೆಪ್ರಿಕೇಟೆಡ್’, ಅಂದರೆ ಈಗ ನಡೆಯುತ್ತಿದ್ದರೂ ಮುಂದೆ ತೆಗೆಯುತ್ತೇವೆ ಎಂದು ಸೂಚಿಸಿದ್ದು. ಅದಕ್ಕೆ ‘ಕೈಬಿಡಲಾಗಿದೆ’ ಸಾಕೇ, ಬೇರೆ ಬೇಕೇ? ತಿಳಿದವರು ಹೇಳಿ.

ಶಿರಸಿಯಿಂದ ಉತ್ತರ

‘ವಿಸ್ತರಣೆ’ ಹಳೆಯ, ಒಳ್ಳೆಯ ಪದ. ತೊಡಕು ಇರುವುದೂ ಅಲ್ಲೇ. ಕೃಷಿ ವಿಸ್ತರಣೆ, ಅವಧಿ ವಿಸ್ತರಣೆ, ಸಂಪುಟ ವಿಸ್ತರಣೆ, ರಸ್ತೆ ವಿಸ್ತರಣೆ ಇವೆಲ್ಲದರಲ್ಲೂ ಇದ್ದದ್ದೇ ಹಿಗ್ಗುವ ಅರ್ಥವಿದೆ. ಬ್ರೌಸರಿಗೆ ಎಕ್ಸ್‌ಟೆನ್ಶನ್ ಹಾಕಿದರೆ ಬ್ರೌಸರು ಹಿಗ್ಗುವುದಿಲ್ಲ, ಯಾರೋ ಬರೆದ ತಂತ್ರಾಂಶದ ತುಂಡೊಂದು ಬಂದು ಅದರೊಳಗೆ ಕೂರುತ್ತದೆ. ಮೊದಲ ಸಲ ಓದುವವರು ‘ಕ್ರೋಮ್ ವಿಸ್ತರಣೆ’ ಎಂದರೆ ಕಿಟಕಿ ದೊಡ್ಡದು ಮಾಡುವುದು ಎಂದುಕೊಂಡರೆ ತಪ್ಪು ಅವರದಲ್ಲ. ಇದು ಕ್ರಿಯೆಯ ಹೆಸರು, ವಸ್ತುವಿನದಲ್ಲ ಎಂದು ಆಕ್ಷೇಪಿಸುವವರೂ ಇದ್ದಾರೆ. ಆದರೆ ‘ರಚನೆ’, ‘ಘೋಷಣೆ’ಗಳು ಕ್ರಿಯೆಯಾಗಿದ್ದು ವಸ್ತುವೂ ಆದವಲ್ಲ, ಬಳಕೆ ಅದನ್ನು ಮಾಡಿಕೊಳ್ಳುತ್ತದೆ. ಕ್ರೋಮ್‌ನ ಕನ್ನಡ ಮೆನುವಿನಲ್ಲಿ ‘ವಿಸ್ತರಣೆಗಳು’ ಎಂದೇ ಇದೆ. ಓದುವವರು ಪರದೆಯ ಮೇಲೆ ಕಾಣುವ ಪದ ಒಂದು, ಕೈಪಿಡಿಯಲ್ಲಿರುವ ಪದ ಇನ್ನೊಂದು ಆದರೆ ಕೈಪಿಡಿ ಮೂಲೆ ಸೇರುತ್ತದೆ. ಆದ್ದರಿಂದ ಎಕ್ಸ್‌ಟೆನ್ಶನ್ನಿಗೆ ‘ವಿಸ್ತರಣೆ’ ಇರಲಿ. ಮೂರಕ್ಕೂ ಅದೇ ಬೇಡ, ಏಕೆಂದರೆ ಇವು ಪರ್ಯಾಯ ಪದಗಳಲ್ಲ.

ನಮ್ಮ ತೋಟದ ಕಡೆಯವರಿಗೆ ವ್ಯತ್ಯಾಸ ಹೇಳುವುದು ಸುಲಭ. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯನ್ನು ನೋಡಿ. ಅದರ ಬೇರು ಮಣ್ಣಿನಲ್ಲಿ ಬೇರೆಯೇ ಇದೆ, ಮರ ಬರೀ ಆಸರೆ. ಪ್ಲಗಿನ್ ಈ ಜಾತಿ. ಫ್ಲ್ಯಾಶ್, ಜಾವಾ, ಸಿಲ್ವರ್‌ಲೈಟ್ ಇವು ಬ್ರೌಸರಿನ ಪುಟದಲ್ಲಿ ಕಾಣಿಸಿಕೊಂಡರೂ ತಮ್ಮದೇ ಯಂತ್ರಸಂಕೇತದಲ್ಲಿ ಓಡುತ್ತಿದ್ದವು. ಬೇರು ನೇರ ವಿಂಡೋಸ್‌ಗೋ ಲಿನಕ್ಸ್‌ಗೋ ಇಳಿದಿತ್ತು, ಅವುಗಳ ತೂತು ಎಂದರೆ ಇಡೀ ಕಂಪ್ಯೂಟರಿನ ತೂತು. ವಿಸ್ತರಣೆ ಹಾಗಲ್ಲ, ಅದು ಕಸಿ. ಹಿಪ್ಪಲಿ ಗಿಡಕ್ಕೆ ಕಟ್ಟಿದ ಮೆಣಸಿನ ಕುಡಿಯ ಹಾಗೆ, ಬುಡದ ಗಿಡ ಕೊಟ್ಟ ರಸದಲ್ಲೇ ಬದುಕಬೇಕು. ಬ್ರೌಸರು ಯಾವ ಬಾಗಿಲು ತೆರೆದಿಟ್ಟಿದೆಯೋ ಅಷ್ಟೇ ಅದರ ಓಡಾಟ. ಬುಡ ಬದಲಾದರೆ ಕಸಿ ಒಣಗುತ್ತದೆ. ಕೆಟ್ಟ ವಿಸ್ತರಣೆಯೋ, ಮಾವಿನ ಮರಕ್ಕೆ ಬಂದ ಬಂದಳಿಕೆ. ಹಸಿರಾಗಿ ಚಂದ ಕಾಣುತ್ತದೆ, ಕೊಂಬೆಯ ರಸ ಹೀರುತ್ತದೆ. (ಹೀಗೆಂದು ‘ಕಸಿ’ಯನ್ನೇ ಪಾರಿಭಾಷಿಕ ಪದ ಮಾಡಿ ಎಂದು ಹೇಳುತ್ತಿಲ್ಲ. ‘ಕಸಿ ತೆಗೆದುಹಾಕಿ’ ಎಂದರೆ ತೋಟದವರು ಬಡಿಗೆ ಹಿಡಿದು ಬಂದಾರು.)

ಆಡ್-ಆನ್ ಇವೆರಡರ ಜೊತೆಗೆ ನಿಲ್ಲುವ ಪದವಲ್ಲ, ಮೇಲಿನ ಮಾಡು. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎ ಒಟ್ಟಿಗೆ ಒತ್ತಿದರೆ ಬರುವ ಪುಟದಲ್ಲಿ ವಿಸ್ತರಣೆ, ಥೀಮ್, ಕಾಗುಣಿತ ನೋಡುವ ನಿಘಂಟು, ಭಾಷಾಕಟ್ಟು ಎಲ್ಲವೂ ಆಡ್-ಆನ್‌ಗಳೇ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಾಲದಲ್ಲಿ ಟೂಲ್‌ಬಾರ್, ಆಕ್ಟಿವ್‌ಎಕ್ಸ್ ಸಹ ಅದೇ ಹೆಸರಿನಡಿ ಇದ್ದವು. ಇದಕ್ಕೆ ‘ಸೇರ್ಪಡೆ’ ಸರಿಹೊಂದುತ್ತದೆ: ‘ಸೇರ್ಪಡೆಗಳಲ್ಲಿ ವಿಸ್ತರಣೆ ಒಂದು ಬಗೆ.’ ಪ್ಲಗಿನ್‌ಗೆ ಕನ್ನಡ ಪದ ಹುಡುಕುವ ಶ್ರಮ ಬೇಡ. ಆ ವಸ್ತುವೇ ಬ್ರೌಸರಿನಿಂದ ಹೋಗಿದೆ, ಸತ್ತವರಿಗೆ ಹೊಸದಾಗಿ ನಾಮಕರಣ ಯಾಕೆ?

‘ಸಪೋರ್ಟ್’ ಬಗ್ಗೆ: ನಾವು ಆಡುವ ಕನ್ನಡದಲ್ಲಿ ‘ನಡೆಯುತ್ತದೆ’ ಇದೆ, ‘ಒಗ್ಗುತ್ತದೆ’ ಇದೆ. ‘ಈ ವಿಸ್ತರಣೆ ಎಡ್ಜ್‌ನಲ್ಲೂ ನಡೆಯುತ್ತದೆ’, ‘ಹಳೆಯ ಫೈರ್‌ಫಾಕ್ಸಿಗೆ ಒಗ್ಗುವುದಿಲ್ಲ’. ಕರ್ತೃವನ್ನು ಬ್ರೌಸರಿನಿಂದ ವಿಸ್ತರಣೆಗೆ ತಿರುಗಿಸಿದರೆ ಬೆಂಬಲದ ಗೋಜೇ ಬೇಡ. ಕಂಪನಿಯವರು ಕೊಡುವ ಸಪೋರ್ಟ್ ಬೇರೆ, ಅದು ‘ನೆರವು’.

ಕಾರವಾರದಿಂದ

ಶಿರಸಿಯವರು ಹೇಳಿದ್ದಕ್ಕೆ ಎರಡು ತಿದ್ದುಪಡಿ, ಒಂದಿಷ್ಟು ಸೇರ್ಪಡೆ (ಅವರದೇ ಪದ).

ಪ್ಲಗಿನ್ ಪೂರ್ತಿ ಹೋಗಿಲ್ಲ. ಫೈರ್‌ಫಾಕ್ಸ್‌ನ ಅದೇ ಪುಟದ ಎಡಪಟ್ಟಿಯಲ್ಲಿ ಈಗಲೂ ‘ಪ್ಲಗಿನ್’ ಎಂಬ ವಿಭಾಗವಿದೆ. ವಿಡಿಯೋಕ್ಕೆ ಬೇಕಾದ ಓಪನ್ ಎಚ್264, ವೈಡ್‌ವೈನ್ ಅಲ್ಲಿರುತ್ತವೆ. ಬಳಕೆದಾರರು ತಾವಾಗಿ ಹಾಕಿಕೊಳ್ಳುವಂಥವು ಮಾತ್ರ ಹೋದವು. ಆದ್ದರಿಂದ ಕೈಪಿಡಿಯ ವಾಕ್ಯ ಹೀಗಿರಲಿ: ‘ಕ್ರೋಮ್ 2015ರ ಸೆಪ್ಟೆಂಬರಿನಲ್ಲಿ, 45ನೇ ಆವೃತ್ತಿಯಿಂದ, ಹಳೆಯ ನೆಟ್‌ಸ್ಕೇಪ್ ಬ್ರೌಸರಿನ ಮಾದರಿಯ ಪ್ಲಗಿನ್‌ಗಳನ್ನು ನಿಲ್ಲಿಸಿತು.’ ಫೈರ್‌ಫಾಕ್ಸ್ 2017ರ ಮಾರ್ಚಿನಲ್ಲಿ 52ನೇ ಆವೃತ್ತಿಯಲ್ಲಿ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವನ್ನು ನಿಲ್ಲಿಸಿತು. ಫ್ಲ್ಯಾಶ್‌ನ ನೆರವನ್ನು ಅಡೋಬಿ 2020ರ ಡಿಸೆಂಬರ್ 31ಕ್ಕೆ ಮುಗಿಸಿತು.

ಇದೇ ಗೊಂದಲ ಫೈರ್‌ಫಾಕ್ಸಿನ 2017ರ ನವೆಂಬರ್ ಬದಲಾವಣೆಗೂ ಅಂಟಿಕೊಳ್ಳುತ್ತದೆ. 57ನೇ ಆವೃತ್ತಿಯಲ್ಲಿ ಅದು ವಿಸ್ತರಣೆಗಳನ್ನು ಬಿಡಲಿಲ್ಲ, ಅವುಗಳ ಹಳೆಯ ಜಾತಿಯನ್ನು ಬಿಟ್ಟಿತು. ಹಳೆಯವು ಬ್ರೌಸರಿನ ಒಡಲಿಗೇ ಕೈ ಹಾಕಿ ಮೆನು, ಪಟ್ಟಿ ಎಲ್ಲವನ್ನೂ ತಿರುಚಬಹುದಿತ್ತು. ಹೊಸವು ಕ್ರೋಮ್‌ನ ಜಾಡಿನಲ್ಲೇ ಇರುವ ವೆಬ್‌ಎಕ್ಸ್‌ಟೆನ್ಶನ್. ‘ಕಸಿ’ಯ ಮಾತು ಹೊಂದುವುದು ಈ ಹೊಸ ಜಾತಿಗೆ ಮಾತ್ರ.

‘ಆವೃತ್ತಿ’ ಎಂಬ ಪದದಲ್ಲೇ ದೊಡ್ಡ ಹೊಂಡವಿದೆ. ಬ್ರೌಸರಿಗೆ ಒಂದು ಆವೃತ್ತಿ, ವಿಸ್ತರಣೆಗೆ ಒಂದು, ವಿಸ್ತರಣೆಯ ಮ್ಯಾನಿಫೆಸ್ಟ್ ಕಡತಕ್ಕೆ (ಅದರ ಹೆಸರು, ಅದಕ್ಕೆ ಬೇಕಾದ ಅನುಮತಿ ಮೊದಲಾದವನ್ನು ಬ್ರೌಸರಿಗೆ ಹೇಳುವ ಕಡತ) ಇನ್ನೊಂದು. ಈಗಿನ ಜಗಳವೆಲ್ಲ ಮೂರನೆಯದರದ್ದು. ‘ಆವೃತ್ತಿ 2ರ ವಿಸ್ತರಣೆಗಳು ಕ್ರೋಮ್‌ನಲ್ಲಿ ನಡೆಯುವುದಿಲ್ಲ’ ಎಂದು ಬರೆದರೆ ಓದಿದವರು ವಿಸ್ತರಣೆಯನ್ನು ಅಪ್‌ಡೇಟ್ ಮಾಡಿ ಕೂರುತ್ತಾರೆ, ಏನೂ ಆಗುವುದಿಲ್ಲ. ‘ಮ್ಯಾನಿಫೆಸ್ಟ್ 2’, ‘ಮ್ಯಾನಿಫೆಸ್ಟ್ 3’ ಎಂದು ಹೆಸರಿನ ಭಾಗವಾಗಿಯೇ ಬಳಸಿ, ‘ಆವೃತ್ತಿ’ಯನ್ನು ಬ್ರೌಸರಿಗೆ ಮೀಸಲಿಡಿ.

ವ್ಯತ್ಯಾಸ ಏನೆಂದರೆ, ಮ್ಯಾನಿಫೆಸ್ಟ್ 2ರಲ್ಲಿ ಜಾಹೀರಾತು ತಡೆಯುವ ವಿಸ್ತರಣೆ ಪುಟದ ಪ್ರತಿ ಕೋರಿಕೆಯನ್ನೂ ಹಿಡಿದು ನಿಲ್ಲಿಸಿ, ನೋಡಿ, ಬಿಡಬೇಕೋ ಬೇಡವೋ ಎಂದು ಆ ಕ್ಷಣದಲ್ಲೇ ತೀರ್ಮಾನಿಸುತ್ತಿತ್ತು. ಕ್ರೋಮ್‌ನ ಮ್ಯಾನಿಫೆಸ್ಟ್ 3ರಲ್ಲಿ ಅದು ನಿಯಮಗಳ ಪಟ್ಟಿಯನ್ನು ಮೊದಲೇ ಬ್ರೌಸರಿಗೆ ಒಪ್ಪಿಸಬೇಕು, ತಡೆಯುವುದು ಬ್ರೌಸರಿನ ಕೆಲಸ. ವಿಸ್ತರಣೆಯ ಜೊತೆ ಬರುವ ಸ್ಥಿರ ನಿಯಮಗಳಲ್ಲಿ ಒಂದೊಂದು ವಿಸ್ತರಣೆಗೆ ಖಾತ್ರಿ ಇರುವುದು 30,000ಕ್ಕೆ. ಅದರಾಚೆಯವು ಎಲ್ಲ ವಿಸ್ತರಣೆಗಳೂ ಹಂಚಿಕೊಳ್ಳುವ ಒಟ್ಟು ಮಿತಿಯಿಂದ ಬರಬೇಕು. ಆದ್ದರಿಂದಲೇ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ವಿಸ್ತರಣೆಯ ಬದಲಿಗೆ ಕ್ರೋಮ್‌ಗೆ ಯುಬ್ಲಾಕ್ ಒರಿಜಿನ್ ಲೈಟ್ ಎಂಬ ಬೇರೆ ವಿಸ್ತರಣೆ ಬಂದದ್ದು. ಫೈರ್‌ಫಾಕ್ಸ್ ಹಿಡಿದು ನಿಲ್ಲಿಸುವ ದಾರಿಯನ್ನೂ ಉಳಿಸಿಕೊಂಡಿದೆ, ಅಲ್ಲಿ ಪೂರ್ಣ ಯುಬ್ಲಾಕ್ ಒರಿಜಿನ್ ನಡೆಯುತ್ತದೆ. ಕೈಪಿಡಿಯಲ್ಲಿ ಎರಡಕ್ಕೂ ‘ತಡೆ’ ಎಂದಷ್ಟೇ ಬರೆದರೆ ಈ ಸೂಕ್ಷ್ಮ ಕಾಣುವುದಿಲ್ಲ. ಮೊದಲನೆಯದು ‘ಹಿಡಿದು ತಡೆ’, ಎರಡನೆಯದು ‘ನಿಯಮದ ತಡೆ’ ಎಂದರೆ ಹೇಗೆ? ಕಾಳಿ ಸೇತುವೆಯ ಮೇಲೆ ಪೊಲೀಸರು ಒಂದೊಂದೇ ಗಾಡಿ ನಿಲ್ಲಿಸಿ ನೋಡುವುದಕ್ಕೂ ‘ಭಾರಿ ವಾಹನಕ್ಕೆ ಪ್ರವೇಶವಿಲ್ಲ’ ಎಂಬ ಬೋರ್ಡು ಹಾಕುವುದಕ್ಕೂ ಇರುವ ವ್ಯತ್ಯಾಸ ಅದು.

‘ಡೆಪ್ರಿಕೇಟೆಡ್’ಗೆ ‘ಕೈಬಿಡಲಾಗಿದೆ’ ತಪ್ಪು, ಕಾಲವೇ ತಪ್ಪಿದೆ. ಕ್ರೋಮ್ ಮ್ಯಾನಿಫೆಸ್ಟ್ 2ನ್ನು ಬಿಟ್ಟ ರೀತಿಯನ್ನೇ ನೋಡಿ. 2024ರ ಜೂನ್‌ನಿಂದ ಪ್ರಯೋಗದ ಆವೃತ್ತಿಗಳಲ್ಲಿ ಎಚ್ಚರಿಕೆ ಬಂತು, ಆಗ ವಿಸ್ತರಣೆ ನಡೆಯುತ್ತಲೇ ಇತ್ತು. ಅದು ‘ಕೈಬಿಡಲಾಗುತ್ತಿದೆ’. ಅದೇ ವರ್ಷದ ಅಕ್ಟೋಬರಿನಿಂದ ಸಾಮಾನ್ಯ ಬಳಕೆದಾರರಲ್ಲೂ ಒಂದೊಂದಾಗಿ ಆಫ್ ಆಗತೊಡಗಿತು, ಆದರೆ ಮತ್ತೆ ಆನ್ ಮಾಡಿಕೊಳ್ಳಬಹುದಿತ್ತು. ಅದು ‘ಬಂದ್ ಆಗಿದೆ’. 2025ರಲ್ಲಿ 138ನೇ ಆವೃತ್ತಿಯ ಹೊತ್ತಿಗೆ ಆನ್ ಮಾಡುವ ಗುಂಡಿಯೂ ಹೋಯಿತು. ಈಗ ‘ತೆಗೆದಿದೆ’. ಮೂರಕ್ಕೂ ಒಂದೇ ಕ್ರಿಯಾಪದ ಹಾಕಿದರೆ ಓದುಗರು ಮೊದಲ ಹಂತದಲ್ಲೇ ಗಾಬರಿಯಾಗಿ ವಿಸ್ತರಣೆ ತೆಗೆಯುತ್ತಾರೆ, ಅದರೊಳಗಿನ ಸೆಟ್ಟಿಂಗು, ತಾವೇ ಬರೆದಿಟ್ಟ ನಿಯಮಗಳು ಎಲ್ಲ ಹೋಗುತ್ತವೆ. ಬಂದ್ ಆದದ್ದನ್ನು ತೆಗೆಯದೆ ಹಾಗೇ ಬಿಟ್ಟರೆ ಸೆಟ್ಟಿಂಗು ಉಳಿಯುತ್ತದೆ.

ಫೋನಿನ ಸಾಲು ಕೈಪಿಡಿಯಲ್ಲಿ ಇದೆಯೋ ಇಲ್ಲವೋ, ಇರಬೇಕು. ಆಂಡ್ರಾಯ್ಡ್‌ನ ಸಾಮಾನ್ಯ ಕ್ರೋಮ್‌ನಲ್ಲಿ ವಿಸ್ತರಣೆ ಇಲ್ಲ. ಆಂಡ್ರಾಯ್ಡ್‌ನ ಫೈರ್‌ಫಾಕ್ಸ್‌ನಲ್ಲಿ 2023ರ ಡಿಸೆಂಬರಿನಿಂದ ಎಲ್ಲರಿಗೂ ತೆರೆದಿದೆ. ಐಫೋನಿನ ಸಫಾರಿಯಲ್ಲಿ ಐಓಎಸ್ 15ರಿಂದ ನಡೆಯುತ್ತವೆ, ಆದರೆ ಆಪ್ ಸ್ಟೋರಿನಿಂದ ಆಪ್ ರೂಪದಲ್ಲೇ ಬರಬೇಕು. ಐಫೋನಿನ ಫೈರ್‌ಫಾಕ್ಸ್‌ನಲ್ಲಿ ನಡೆಯುವುದಿಲ್ಲ. ಒಂದೇ ಹೆಸರಿನ ಬ್ರೌಸರು ಎರಡು ಫೋನಿನಲ್ಲಿ ಎರಡು ಬಗೆ, ಹಾಗಾಗಿ ‘ಫೈರ್‌ಫಾಕ್ಸ್‌ನಲ್ಲಿ ನಡೆಯುತ್ತದೆ’ ಎಂದು ಬರೀ ಹೆಸರು ಬರೆದರೆ ಅರ್ಧ ಸತ್ಯ.

ಕುಮಟಾದಿಂದ ಮತ್ತೆ

ಬಹಳ ಉಪಕಾರ. ಎರಡು ಉಳಿದವು. ಪರ್ಮಿಷನ್‌ಗೆ ಕರಡಿನಲ್ಲಿ ‘ಪರವಾನಗಿ’ ಇದೆ, ಇಲ್ಲಿಯ ಆಡುಮಾತಿನಲ್ಲಿ ಅದೇ ರೂಢಿ. ಬದಲಿಸಬೇಕೇ? ಜೊತೆಗೆ, ನಮ್ಮದೇ ಒಂದು ಚಿಕ್ಕ ಪದಕೋಶ ವಿಸ್ತರಣೆಗೆ ಕನ್ನಡ ಸಂದೇಶ ಬರೆಯುವಾಗ ಹೆಸರಿನ ಜಾಗಕ್ಕೆ ವಿಭಕ್ತಿ ಹತ್ತುತ್ತಿಲ್ಲ: ‘ಡಾರ್ಕ್ ರೀಡರ್ಅನ್ನು ತೆಗೆಯಬೇಕೇ?’ ಎಂದು ವಿಕಾರವಾಗಿ ಬರುತ್ತದೆ.

ಶಿರಸಿಯಿಂದ

‘ಪರವಾನಗಿ’ ಮರಾಠಿಯ ಕಡೆಯಿಂದ ಬಂದದ್ದು. ನಮ್ಮ ಜಿಲ್ಲೆ 1862ರಿಂದ ಮುಂಬಯಿ ಆಡಳಿತದಲ್ಲಿತ್ತು, ಕಚೇರಿಯ ಮಾತು ಹಾಗೇ ಉಳಿಯಿತು. ಆಡುವಾಗ ತಪ್ಪೇನಿಲ್ಲ. ಕೈಪಿಡಿಯಲ್ಲಿ ಮಾತ್ರ ಲೈಸೆನ್ಸ್ ಎಂಬ ಇನ್ನೊಬ್ಬ ಹಕ್ಕುದಾರ ಅದೇ ಪದಕ್ಕೆ ಕೂತಿದ್ದಾನೆ, ‘ಮುಕ್ತ ಪರವಾನಗಿಯ ತಂತ್ರಾಂಶ’ ಎಂದು ಎರಡನೇ ಪುಟದಲ್ಲೇ ಬಂದೀತು. ಪರ್ಮಿಷನ್ ‘ಅನುಮತಿ’ಯಾಗಲಿ. ‘ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದಲು, ಬದಲಿಸಲು ಅನುಮತಿ’ ಎಂಬ ಸಾಲಿನಲ್ಲಿ ‘ಬದಲಿಸಲು’ ಎಂಬುದನ್ನು ಮೆತ್ತಗೆ ಮಾಡಬೇಡಿ. ಬ್ಯಾಂಕಿನ ಪುಟವೂ ಅದರಲ್ಲಿ ಸೇರುತ್ತದೆ ಎಂಬುದು ಓದಿದವರಿಗೆ ತಟ್ಟಬೇಕು.

ವಿಭಕ್ತಿಗೆ ಮದ್ದು: ಹೆಸರಿಗೆ ಪ್ರತ್ಯಯ ಹಚ್ಚಲೇಬೇಡಿ, ಅದರ ಮುಂದೆ ಕನ್ನಡ ನಾಮಪದ ಇಟ್ಟು ಅದಕ್ಕೆ ಹಚ್ಚಿ. ‘ಡಾರ್ಕ್ ರೀಡರ್ ವಿಸ್ತರಣೆಯನ್ನು ತೆಗೆಯಬೇಕೇ?’ ಹೆಸರು ಏನೇ ಬರಲಿ, ವಾಕ್ಯ ಕೆಡುವುದಿಲ್ಲ. ‘ವಿಸ್ತರಣೆ’ಯ ಪರವಾಗಿ ಮೊದಲೇ ಹೇಳಬೇಕಿದ್ದ ವಾದ ಇದು: ವಿಸ್ತರಣೆಯನ್ನು, ವಿಸ್ತರಣೆಗೆ, ವಿಸ್ತರಣೆಯಲ್ಲಿ ಎಂದು ಎಲ್ಲ ವಿಭಕ್ತಿಯಲ್ಲೂ ಸಲೀಸು. ‘ಎಕ್ಸ್‌ಟೆನ್ಶನ್’ ಬರೆಯಬೇಕಾದರೆ ‘ಕ್ಸ್’ ಆದಮೇಲೆ ಒತ್ತಕ್ಷರ ಕೂಡದಂತೆ ತಡೆಯುವ ಕಾಣದ ಅಕ್ಷರವೊಂದನ್ನು ಹಾಕಬೇಕು. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ, ಕೆಲವು ಹುಡುಕು ಸಾಧನಗಳಿಗೆ ಅವೆರಡೂ ಬೇರೆ ಪದವಾಗಿ ಒಂದು ಸಿಕ್ಕಿದರೆ ಇನ್ನೊಂದು ಸಿಗುವುದಿಲ್ಲ.

ಕಾರವಾರದಿಂದ

ಉದ್ದದ ಲೆಕ್ಕವನ್ನೂ ಸೇರಿಸಿಕೊಳ್ಳಿ. ಕ್ರೋಮ್‌ನಲ್ಲಿ ವಿಸ್ತರಣೆಯ ಹೆಸರಿಗೆ 75, ವಿವರಣೆಗೆ 132 ಅಕ್ಷರದ ಮಿತಿ. ಅಲ್ಲಿ ‘ಅಕ್ಷರ’ ಎಂದರೆ ನಮ್ಮ ಅಕ್ಷರವಲ್ಲ, ಯೂನಿಕೋಡ್ ಸಂಕೇತ. ‘ವಿಸ್ತರಣೆ’ ನಮಗೆ ನಾಲ್ಕು ಅಕ್ಷರ, ಅದಕ್ಕೆ 8. ‘ಎಕ್ಸ್‌ಟೆನ್ಶನ್’ ಆ ಕಾಣದ ಅಕ್ಷರವೂ ಸೇರಿ 13. ಇಂಗ್ಲಿಷಿನಲ್ಲಿ ಹಿಡಿಸಿದ ವಿವರಣೆ ಕನ್ನಡದಲ್ಲಿ ಮಿತಿ ಮೀರುವುದು ಇದರಿಂದ.

ಕನ್ನಡ ಸಂದೇಶಗಳ ಕಡತವನ್ನು ‘ಕೆಎನ್’ ಎಂಬ ಫೋಲ್ಡರಿನಲ್ಲಿ, ಅದನ್ನು ‘ಲೊಕೇಲ್ಸ್’ ಫೋಲ್ಡರಿನೊಳಗೆ ಇಡಬೇಕು. ಆ ಹೆಸರಿನ ಮೊದಲು ಅಡಿಗೆರೆ ಇದೆ, ಮರೆತರೆ ಕ್ರೋಮ್‌ಗೆ ಕಾಣುವುದಿಲ್ಲ. ಲೊಕೇಲ್ಸ್ ಇಟ್ಟ ಮೇಲೆ ಮ್ಯಾನಿಫೆಸ್ಟ್‌ನಲ್ಲಿ ಮೂಲಭಾಷೆ ಯಾವುದೆಂದು ಹೇಳುವ ‘ಡಿಫಾಲ್ಟ್ ಲೊಕೇಲ್’ ಸಾಲು ಬೇಕೇ ಬೇಕು, ಲೊಕೇಲ್ಸ್ ಇಲ್ಲದಿದ್ದರೆ ಆ ಸಾಲೂ ಇರಕೂಡದು. ಎರಡರಲ್ಲಿ ಒಂದು ತಪ್ಪಿದರೂ ವಿಸ್ತರಣೆ ಲೋಡ್ ಆಗುವುದಿಲ್ಲ. ಪರೀಕ್ಷೆಗೆ ಕ್ರೋಮ್‌ನ ವಿಸ್ತರಣೆಗಳ ಪುಟದಲ್ಲಿ ಡೆವಲಪರ್ ಮೋಡ್ ಆನ್ ಮಾಡಿ ಫೋಲ್ಡರನ್ನು ನೇರ ಲೋಡ್ ಮಾಡಬಹುದು, ಬ್ರೌಸರು ಮುಚ್ಚಿ ತೆರೆದರೂ ಉಳಿಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ಡೀಬಗ್ಗಿಂಗ್ ಪುಟದಿಂದ ‘ತಾತ್ಕಾಲಿಕ ಆಡ್-ಆನ್’ ಎಂದು ಹಾಕಿದ್ದು ಮುಚ್ಚಿದೊಡನೆ ಹೋಗುತ್ತದೆ. ಉಳಿಯಬೇಕಾದರೆ ಮೊಜಿಲ್ಲಾದ ಸಹಿ ಬೇಕು. ಅಲ್ಲಿ ಅವರು ‘ಆಡ್-ಆನ್’ ಎಂದೇ ಬರೆದಿದ್ದಾರೆ, ಆದ್ದರಿಂದ ಕೈಪಿಡಿಯ ಆ ಒಂದು ಹೆಜ್ಜೆಯಲ್ಲಿ ‘ಸೇರ್ಪಡೆ’ ಬೇಡ, ಪರದೆಯಲ್ಲಿರುವ ಪದವನ್ನೇ ಉದ್ಧರಣ ಚಿಹ್ನೆಯೊಳಗೆ ಕೊಡಿ.