ಬಾಡಿಗೆಗೆಂದೇ ಮೊದಲ ಮನೆ: ಬಾಡಿಗೆಯಲ್ಲೇ ಇಎಂಐ ತೀರುತ್ತದಾ?

ಪ್ರಶ್ನೆ
ನಮಸ್ಕಾರ. ಬಾಡಿಗೆಗೆ ಕೊಡಲೆಂದೇ ಒಂದು ಹಳೆಯ ಫ್ಲ್ಯಾಟ್ ನೋಡಿದ್ದೇನೆ. ಬೆಲೆ 100 ಅಂತ ಇಟ್ಟುಕೊಂಡರೆ ವರ್ಷದ ಬಾಡಿಗೆ 7.2. ಬ್ಯಾಂಕು 70 ಸಾಲ ಕೊಡಲು ಒಪ್ಪಿದೆ. ಬಡ್ಡಿ ಶೇ 9, ಅವಧಿ 20 ವರ್ಷ. ಮುಂಗಡ ಕೊಡುವ ಮೊದಲು ಏನೇನು ನೋಡಬೇಕು?

ಉತ್ತರ 1
ಮೊದಲು ಕಂತು ನೋಡಿ. ಈ ಬಡ್ಡಿಗೆ 100 ಸಾಲಕ್ಕೆ ವರ್ಷಕ್ಕೆ ಸುಮಾರು 10.8 ಕಟ್ಟಬೇಕು. 70ಕ್ಕೆ 7.56. ಅಂದರೆ ಮನೆ ಒಂದು ದಿನವೂ ಖಾಲಿ ಬೀಳದಿದ್ದರೂ ಬಾಡಿಗೆ ಸಾಲದು.

ಆ 7.2 ಕೂಡ ಪೂರ್ತಿ ಕೈಗೆ ಬರುವುದಿಲ್ಲ. ವರ್ಷಕ್ಕೆ ಒಂದು ತಿಂಗಳು ಖಾಲಿ ಅಂತ 0.6 ಕಳೆಯಿರಿ. ರಿಪೇರಿಗೆ ಬೆಲೆಯ ಶೇ 1 ಎತ್ತಿಡಿ. ಆಸ್ತಿ ತೆರಿಗೆ, ವಿಮೆ, ಕಟ್ಟಡದ ನಿರ್ವಹಣಾ ಶುಲ್ಕ ಸೇರಿ 0.6 ಅನ್ನೋಣ. ಉಳಿಯುವುದು 5. ಆದಾಯ ತೆರಿಗೆ ಇದರಲ್ಲಿ ಸೇರಿಲ್ಲ. ನೋಂದಣಿ, ದಲ್ಲಾಳಿ, ಆರಂಭದ ರಿಪೇರಿಗೆ 8 ಹೋದರೆ ನಿಮ್ಮ ಹೂಡಿಕೆ 108. ನಿವ್ವಳ ಗಳಿಕೆ ಶೇ 4.6 ಮಾತ್ರ.

ಬ್ಯಾಂಕು ನಿಮ್ಮ ಸಂಬಳ ನೋಡಿ ಸಾಲ ಕೊಡುತ್ತದೆ. ನೀವು ಮನೆಯ ದುಡಿಮೆ ನೋಡಿ ತೆಗೆದುಕೊಳ್ಳಿ. ಇಲ್ಲಿ 40ರ ಆಸುಪಾಸು ಸರಿ: ಕಂತು 4.32. ಬಡ್ಡಿ ಶೇ 10ಕ್ಕೆ ಏರಿದರೂ 4.63, ತಡೆಯುತ್ತದೆ. ಎರಡು ತಿಂಗಳು ಖಾಲಿ ಬಿದ್ದರೂ ತಡೆಯುತ್ತದೆ. ಎರಡೂ ಒಟ್ಟಿಗೆ ಬಂದರೆ ಕೈಯಿಂದ ಹಾಕಬೇಕು. ಅದಕ್ಕೇ ಆರು ತಿಂಗಳ ಕಂತು ಬೇರೆ ಖಾತೆಯಲ್ಲಿರಲಿ.

ಉತ್ತರ 2
ಲೆಕ್ಕ ಕೆಡುವುದು ಹೆಚ್ಚಾಗಿ ನೀರಿನಿಂದ. ಬಚ್ಚಲುಮನೆಯ ಆಚೆ ಬದಿಯ ಗೋಡೆಯ ಬುಡ ನೋಡಿ. ಬಣ್ಣ ಗುಳ್ಳೆ ಎದ್ದು, ಬಿಳಿ ಉಪ್ಪು ಪುಡಿಪುಡಿಯಾಗಿ ಬೆರಳಿಗೆ ಹತ್ತಿದರೆ ಒಳಗೆ ತೇವ ಇದೆ ಅಂತಲೇ ಅರ್ಥ. ಮಿಕ್ಕ ಮನೆ ಹಳೇ ಬಣ್ಣದಲ್ಲಿದ್ದು ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಏಕೆಂದು ಕೇಳಲೇಬೇಕು.

ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿ, ಫ್ಲಶ್ ಮಾಡಿ. ನೀರಿನ ಒತ್ತಡ ಕುಸಿಯುತ್ತದಾ, ನೆಲದ ಜಾಲರಿಯಿಂದ ನೀರು ಮೇಲೆ ಬರುತ್ತದಾ ನೋಡಿ. ಕೆಳಗಿನ ಮನೆಯವರನ್ನು ಕೇಳಿ, ಅವರ ಬಚ್ಚಲಿನ ಚಾವಣಿ ನೋಡಿ. ನಿಮ್ಮ ಸೋರಿಕೆ ಕಾಣುವುದು ಅಲ್ಲೇ. ಬಚ್ಚಲಿನ ಟೈಲ್ಸ್ ಕಿತ್ತು ಜಲನಿರೋಧಕ ಪದರ ಹೊಸದಾಗಿ ಹಾಕಿಸಬೇಕಾಗಿ ಬಂದರೆ ರಿಪೇರಿಗೆ ಎತ್ತಿಟ್ಟ ಆ ಶೇ 1 ಒಂದೇ ಏಟಿಗೆ ಮುಗಿಯಬಹುದು.

ಕೇಳಿದವರು
40 ಸಾಲ ಅಂದರೆ ಕೈಯಿಂದ 68 ಹಾಕಬೇಕು. ಅಷ್ಟಿಲ್ಲ. ಅವಧಿ 30 ವರ್ಷ ಮಾಡಿಸಿದರೆ?

ಉತ್ತರ 1
ಕಂತು 100ಕ್ಕೆ 10.8ರಿಂದ 9.66ಕ್ಕೆ ಇಳಿಯುತ್ತದೆ, ಅಷ್ಟೇ. ಒಟ್ಟು ಬಡ್ಡಿ ಮಾತ್ರ ಸುಮಾರು 116ರಿಂದ 190ಕ್ಕೆ ಏರುತ್ತದೆ. ದಯವಿಟ್ಟು ಬೇಡ. ಇನ್ನೂ ಚಿಕ್ಕ ಮನೆ ನೋಡಿ. ಎಷ್ಟೋ ಕಡೆ ಬೆಲೆಗೆ ಹೋಲಿಸಿದರೆ ಚಿಕ್ಕ ಮನೆಗೇ ಬಾಡಿಗೆ ಜಾಸ್ತಿ. ಮುಂದೆ ಬೆಲೆ ಏರುತ್ತದೆ ಅನ್ನುವುದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಈ ತಿಂಗಳ ಕಂತನ್ನು ಅದು ಕಟ್ಟುವುದಿಲ್ಲ.

ಉತ್ತರ 3
ಮಾರುವವರು ಹೇಳಿದ 7.2ನ್ನು ಹಾಗೇ ನಂಬಬೇಡಿ. ಈಗಿರುವ ಬಾಡಿಗೆ ಕರಾರು, ಆರು ತಿಂಗಳ ಬ್ಯಾಂಕ್ ಜಮೆ ಕೇಳಿ. ಬಾಡಿಗೆದಾರರು ಅಲ್ಲೇ ಮುಂದುವರಿಯುವುದಾದರೆ ಅವರ ಠೇವಣಿ ನಿಮಗೆ ವರ್ಗವಾಗಬೇಕು. ಇದನ್ನು ಕ್ರಯದ ಕರಾರಿನಲ್ಲೇ ಬರೆಸಿ, ಇಲ್ಲದಿದ್ದರೆ ಅವರು ಖಾಲಿ ಮಾಡುವಾಗ ಆ ಹಣ ನಿಮ್ಮ ಜೇಬಿನಿಂದ ಹೋದೀತು. ಕೀಲಿ ಪಡೆಯುವ ದಿನ ಕರೆಂಟು, ನೀರಿನ ಮೀಟರುಗಳ ಫೋಟೊ ತೆಗೆದಿಡಿ.